ಪ್ರಾಚೀನ ಕರ್ಣಾಟಕದಲ್ಲಿ ವ್ಯವಹಾರಶಾಸ್ತ್ರದ ಅಧ್ಯಯನವೂ ಧರ್ಮಶ್ರದ್ಧೆಯೂ

ಶಿಕಾರಿಪುರದ ಸಮೀಪದ ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ ಕ್ರಿ. ಶ. ೧೧೬೨ರ ಶಾಸನವು ಕರ್ಣಾಟಕದ ವಿದ್ಯಾಸ್ಥಾನಗಳ ವಿಚಾರವನ್ನು ಬಲ್ಲವರಿಗೆ ಅಪರಿಚಿತವಾದುದಲ್ಲ. ಕಾಳಾಮುಖ ಸಂಪ್ರದಾಯದ ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಶಾಸನಕವಿಯು ಉದ್ದವಾಗಿ ವರ್ಣಿಸಿದ್ದಾನೆ. ಅಂಗಸಹಿತವಾದ ನಾಲ್ಕು ವೇದಗಳು, ಹಲವು ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳೇ ಮೊದಲಾದ ದರ್ಶನಗಳು, ಬೌದ್ಧಮತ, ಲಾಕುಲಸಿದ್ಧಾಂತ, ಯೋಗಶಾಸ್ತ್ರ, ಅಷ್ಟಾದಶ ಪುರಾಣಗಳು, ಧರ್ಮಶಾಸ್ತ್ರಗಳು, ಕಾವ್ಯ ನಾಟಕಗಳು — ಇವೆಲ್ಲವಕ್ಕೂ ಅದು ವ್ಯಾಖ್ಯಾನಸ್ಥಾನವಾಗಿತ್ತು. ಪಟ್ಟಿಯು ಇಲ್ಲಿಗೆ ಮುಗಿಯುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೂ, ಕಥೆ ಹೇಳುವವರು, ಹಾಡುವವರು, ವಾದ್ಯಗಾರರು, ನರ್ತಕರು, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಇವರಿಗೂ ಅಲ್ಲಿ ನಿತ್ಯವೂ ಅನ್ನವು ದೊರೆಯುತ್ತಿತ್ತು, ರೋಗಿಗಳಿಗೆ ಔಷಧವುಂಟು, ಸಕಲ ಪ್ರಾಣಿಗಳಿಗೂ ಅಭಯವುಂಟು. ಆಗ ರಾಜ್ಯವಾಳುತ್ತಿದ್ದವನು ಕಳಚುರ್ಯ ಬಿಜ್ಜಳ. ಮಠದ ಆಚಾರ್ಯನು ವಾಮಶಕ್ತಿ.

ಈ ವರ್ಣನೆಯಲ್ಲಿ ಪ್ರಶಸ್ತಿಯ ಉತ್ಪ್ರೇಕ್ಷೆಯು ಎಷ್ಟೋ ಇರಬಹುದು. ಆದರೆ ಪಟ್ಟಿಯ ಕ್ರಮವು ವಿಚಾರಾರ್ಹವಾಗಿದೆ. ಧರ್ಮಶಾಸ್ತ್ರದ ಪಾಠವನ್ನೂ ಕುರುಡನಿಗೆ ಇಕ್ಕುವ ಅನ್ನವನ್ನೂ ಶಾಸನವು ಎರಡು ಪ್ರತ್ಯೇಕ ಪುಣ್ಯಗಳೆಂದು ಬೇರ್ಪಡಿಸಿಲ್ಲ. ಒಂದೇ ಸ್ಥಾನದ ಎರಡು ಲಕ್ಷಣಗಳೆಂದು ಹೇಳಿದೆ. ಇಂದು ಕಾನೂನು ಎಂದು ಕರೆಯಲ್ಪಡುವ ವಿದ್ಯೆಯು ಅಂದು ಇಂಥ ದೇವಸ್ಥಾನ, ಮಠ, ಅಗ್ರಹಾರಗಳ ನೆರಳಿನಲ್ಲಿಯೇ ಬೆಳೆಯಿತು. ಹಾಗಿದ್ದರೆ ಧರ್ಮಶ್ರದ್ಧೆಯು ಆ ವಿದ್ಯೆಯ ಯಾವ ಭಾಗದಲ್ಲಿ ನೆಲೆಗೊಂಡಿತ್ತು? ಆಸ್ತಿ, ಸಾಲ, ದಾಯ, ಸಾಕ್ಷ್ಯ ಇವುಗಳ ನಿಯಮಗಳಲ್ಲಿಯೋ, ಆ ನಿಯಮಗಳನ್ನು ಕಲಿತು ನುಡಿಯತಕ್ಕ ಮನುಷ್ಯನ ನಡತೆಯಲ್ಲಿಯೋ? ನಿಯಮಗಳೆಲ್ಲವೂ ಮತವಿಶ್ವಾಸದಿಂದ ಹುಟ್ಟಿದುವು, ಯುಕ್ತಿಗೆ ಅಲ್ಲಿ ಎಡೆಯಿರಲಿಲ್ಲ ಎಂಬ ಅಭಿಪ್ರಾಯವು ಬಹುಕಾಲದಿಂದ ರೂಢಿಯಲ್ಲಿದೆ. ಕರ್ಣಾಟಕದಲ್ಲಿ ಹುಟ್ಟಿ ಇಡೀ ಭಾರತದಲ್ಲಿ ಪ್ರಮಾಣವೆನಿಸಿದ ಮಿತಾಕ್ಷರೆಯನ್ನು ಕಣ್ಣಿಟ್ಟು ನೋಡಿದರೆ ಈ ಅಭಿಪ್ರಾಯವು ನಿಲ್ಲುವುದು ಕಷ್ಟ.

ಮೊದಲು ಅಧ್ಯಯನದ ಕ್ರಮವನ್ನು ನೋಡಬೇಕು. ವ್ಯವಹಾರವೆಂಬುದು ಪ್ರತ್ಯೇಕವಾದ ವಿದ್ಯೆಯಾಗಿರಲಿಲ್ಲ. ಯಾಜ್ಞವಲ್ಕ್ಯಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳುಳ್ಳದ್ದು. ಆದುದರಿಂದ ಸ್ನಾನ, ದಾನ, ವಿವಾಹಗಳ ವಿಧಿಯನ್ನು ಓದಿದ ವಿದ್ಯಾರ್ಥಿಯೇ ಮುಂದೆ ಸಾಲಪತ್ರದ ಲಕ್ಷಣವನ್ನೂ ಗಡಿಯ ಜಗಳದ ನಿರ್ಣಯವನ್ನೂ ಓದಿ, ಕೊನೆಗೆ ಪಾಪಗಳಿಗೆ ಪರಿಹಾರವೇನೆಂಬುದಕ್ಕೆ ಬರುತ್ತಿದ್ದನು. ನ್ಯಾಯಸಭೆಯ ಪ್ರಕರಣವು ನಿತ್ಯಕರ್ಮಕ್ಕೂ ಪಶ್ಚಾತ್ತಾಪಕ್ಕೂ ನಡುವೆ ಕುಳಿತಿರುವುದು ಇಂದಿನ ಪಠ್ಯಕ್ರಮದ ದೃಷ್ಟಿಗೆ ವಿಚಿತ್ರವಾಗಿ ತೋರಬಹುದು. ಆ ಕಾಲದ ಗುರುಶಿಷ್ಯರಿಗೆ ಅದು ಸಹಜವಾಗಿತ್ತು. ಆ ಸ್ಮೃತಿಯ ಪ್ರಾರಂಭದಲ್ಲಿಯೇ ಎಣಿಸಿರುವ ಹದಿನಾಲ್ಕು ವಿದ್ಯಾಸ್ಥಾನಗಳಲ್ಲಿ ಧರ್ಮಶಾಸ್ತ್ರವು ಪುರಾಣ, ನ್ಯಾಯ, ಮೀಮಾಂಸೆಗಳ ಸಾಲಿನಲ್ಲಿದೆ.

ಇವುಗಳಲ್ಲಿ ಮೀಮಾಂಸೆಯ ಮಾತು ಇಲ್ಲಿ ಮುಖ್ಯವಾದುದು. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ನಡೆಸಿದ ಘಟಿಕಾಸ್ಥಾನದ ವಿವರಗಳು ಕ್ರಿ. ಶ. ೧೦೫೮ರ ಶಾಸನದಲ್ಲಿವೆ. ವೇದವನ್ನು ಓದುವವರು ೨೦೦ ಮಂದಿ, ಶಾಸ್ತ್ರವನ್ನು ಓದುವವರು ೫೨ ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗಳು. ಶಾಸ್ತ್ರೋಪಾಧ್ಯಾಯರ ಪೈಕಿ ಒಬ್ಬನು ಭಾಟ್ಟಮತವನ್ನೂ ಮತ್ತೊಬ್ಬನು ಪ್ರಾಭಾಕರಮತವನ್ನೂ ಬೋಧಿಸತಕ್ಕವರು. ಧರ್ಮಶಾಸ್ತ್ರಕ್ಕೆಂದು ಪ್ರತ್ಯೇಕವಾದ ಉಪಾಧ್ಯಾಯನಿಲ್ಲದಿರುವುದನ್ನು ಕೊರತೆಯೆಂದು ಎಣಿಸಬಾರದು. ವೇದವಾಕ್ಯಗಳ ಅರ್ಥನಿರ್ಣಯಕ್ಕೆಂದು ಹುಟ್ಟಿದ ಮೀಮಾಂಸೆಯೇ ಸ್ಮೃತಿವಾಕ್ಯಗಳ ಅರ್ಥನಿರ್ಣಯಕ್ಕೂ ಸಾಧನವಾಗಿತ್ತು. ಎರಡು ವಿಧಿಗಳು ಒಂದನ್ನೊಂದು ವಿರೋಧಿಸಿದಾಗ ಯಾವುದು ಪ್ರಬಲ, ಸಾಮಾನ್ಯವಿಧಿಯನ್ನು ವಿಶೇಷವಿಧಿಯು ಎಲ್ಲಿ ಸಂಕೋಚಗೊಳಿಸುತ್ತದೆ, ಸ್ತುತಿವಾಕ್ಯವನ್ನು ವಿಧಿಯೆಂದು ಭ್ರಮಿಸದಿರುವುದು ಹೇಗೆ — ಇವೆಲ್ಲವನ್ನೂ ಕಲಿತವನಿಗೆ ವ್ಯವಹಾರಾಧ್ಯಾಯವನ್ನು ಬಿಡಿಸುವ ಶಕ್ತಿಯು ತಾನಾಗಿಯೇ ಬರುತ್ತಿತ್ತು. ನಾಗಾವಿಯ ಪ್ರಾಭಾಕರ ಪಾಠಕ್ಕೂ ಮಿತಾಕ್ಷರೆಗೂ ಇರುವ ಒಂದು ಸಂಬಂಧವು ಮುಂದೆ ಕಾಣಬರುತ್ತದೆ.

ಈ ಸ್ಥಾನಗಳ ಜೀವನಕ್ಕೆ ಆಧಾರವಾಗಿದ್ದುದು ದತ್ತಿ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿಷಯವನ್ನು ಕ್ರಿ. ಶ. ೯೪೫ರ ಶಾಸನವು ತಿಳಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು, ಅವರ ನಿರ್ವಾಹಕ್ಕೆ ೫೦೦ ನಿವರ್ತನ ಭೂಮಿ, ದೀಪದ ಎಣ್ಣೆಗೆ ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ. ಇದಲ್ಲದೆ ಊರಿನವರು ಮದುವೆಗೆ ಐದು ನಾಣ್ಯಗಳನ್ನೂ ಉಪನಯನಕ್ಕೆ ಅದರ ಅರ್ಧವನ್ನೂ ಚೌಲಕ್ಕೆ ಮತ್ತೂ ಅರ್ಧವನ್ನೂ ಶಾಲೆಗೆ ಸಲ್ಲಿಸತಕ್ಕದ್ದು. ಒಂದು ಮನೆಯಲ್ಲಿ ಮಂಗಳಕಾರ್ಯವಾದರೆ ಪರದೇಶದ ವಿದ್ಯಾರ್ಥಿಯ ಎಲೆಗೆ ಅನ್ನ ಬೀಳುವ ಏರ್ಪಾಡು ಇದು.

ಈ ದತ್ತಿಗಳನ್ನು ಕೇವಲ ಔದಾರ್ಯವೆಂದು ತಿಳಿದರೆ ಶಾಸ್ತ್ರದ ಒಂದು ಸೂಕ್ಷ್ಮವು ತಪ್ಪಿಹೋಗುತ್ತದೆ. ವೇತನವನ್ನು ಗೊತ್ತುಮಾಡಿಕೊಂಡು ಪಾಠ ಹೇಳುವುದನ್ನೂ, ಹಾಗೆ ಹೇಳುವವನಲ್ಲಿ ಪಾಠ ಕಲಿಯುವುದನ್ನೂ ಯಾಜ್ಞವಲ್ಕ್ಯನು ಉಪಪಾತಕಗಳಲ್ಲಿ ಸೇರಿಸಿದ್ದಾನೆ. ಅದೇ ಸ್ಮೃತಿಯು ವಿದ್ಯಾದಾನವನ್ನು ಎಲ್ಲ ದಾನಗಳಿಗಿಂತಲೂ ಮೇಲೆಂದು ಹೇಳುತ್ತದೆ. ಕಲಿಸುವವನಿಗೂ ಹೊಟ್ಟೆಯುಂಟಷ್ಟೆ, ವಿದ್ಯೆಯನ್ನು ಮಾರಿದಂತೆಯೂ ಆಗಬಾರದು, ಉಪಾಧ್ಯಾಯನು ಉಪವಾಸವಿರಲೂ ಆಗದು. ವಿದ್ಯಾರ್ಥಿಯ ಕೈಯಿಂದ ಗುರುವಿನ ಕೈಗೆ ಹಣವು ದಾಟದಂತೆ ಮೂರನೆಯವನೊಬ್ಬನು ಭೂಮಿಯನ್ನು ದೇವರಿಗೋ ಶಾಲೆಗೋ ಬಿಟ್ಟು, ಅದರ ಉತ್ಪತ್ತಿಯಿಂದ ಇಬ್ಬರೂ ಜೀವಿಸುವ ಏರ್ಪಾಡು ಈ ಇಕ್ಕಟ್ಟಿಗೆ ತಕ್ಕ ಪರಿಹಾರವಾಗಿ ತೋರುತ್ತದೆ. ಬಡವನಾದ ವಿದ್ಯಾರ್ಥಿಗೂ ವ್ಯವಹಾರಾಧ್ಯಾಯವು ಎಟುಕಿದುದಕ್ಕೆ ಕಾರಣ ಇದು.

ಇನ್ನು ಮಿತಾಕ್ಷರೆಗೆ ಬರಬಹುದು. ಯಾಜ್ಞವಲ್ಕ್ಯಸ್ಮೃತಿಯ ಈ ವ್ಯಾಖ್ಯಾನವನ್ನು ಕ್ರಿ. ಶ. ೧೧೦೦ರ ಆಚೀಚೆಯಲ್ಲಿ ರಚಿಸಿದ ವಿಜ್ಞಾನೇಶ್ವರನು ಭಾರದ್ವಾಜಗೋತ್ರದ ಪದ್ಮನಾಭಭಟ್ಟನ ಮಗನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನನ್ನೂ (೧೦೭೬–೧೧೨೬) ಅವನ ಕಲ್ಯಾಣಪುರವನ್ನೂ ಗ್ರಂಥಾಂತ್ಯದಲ್ಲಿ ಕೊಂಡಾಡಿದ್ದಾನೆ. ಗ್ರಂಥದ ಗದ್ಯವು ಅವನನ್ನು ಪರಮಹಂಸ ಪರಿವ್ರಾಜಕನೆಂದು ಕರೆಯುತ್ತದೆ. ಅಣ್ಣತಮ್ಮಂದಿರ ಪಾಲು, ವಿಧವೆಯ ಹಕ್ಕು, ಮಗಳ ಸ್ತ್ರೀಧನ ಇವನ್ನು ಏಳು ಶತಮಾನಗಳಿಗೂ ಹೆಚ್ಚು ಕಾಲ ನಿರ್ಣಯಿಸಿದ ಗ್ರಂಥವನ್ನು ಬರೆದವನು ಸ್ವಂತಕ್ಕೆ ಏನೂ ಇಲ್ಲದ ಸಂನ್ಯಾಸಿ! ಆಶ್ರಮಾಂತರಕ್ಕೆ ಹೋದವನಿಗೆ ಪಿತ್ರಾರ್ಜಿತದಲ್ಲಿ ಭಾಗವಿಲ್ಲವೆಂಬ ನಿಯಮವನ್ನು ಅವನೇ ತನ್ನ ವ್ಯಾಖ್ಯಾನದಲ್ಲಿ ಎತ್ತಿ ಹೇಳಿದ್ದಾನೆ. ಪಾಲಿನಲ್ಲಿ ಪಾಲಿಲ್ಲದವನು ಪಾಲನ್ನು ವಿಚಾರಿಸಿದುದು ಆಕಸ್ಮಿಕವಿರಬಹುದು. ಆದರೆ ವ್ಯವಹಾರವನ್ನು ನೋಡತಕ್ಕವರಿಂದ ಶಾಸ್ತ್ರವು ಬಯಸುವ ಗುಣಕ್ಕೆ ಇದಕ್ಕಿಂತ ಒಪ್ಪುವ ಸ್ಥಿತಿಯು ಬೇರೊಂದಿಲ್ಲ.

ಆ ಗುಣವು ಯಾವುದೆಂಬುದನ್ನು ವ್ಯವಹಾರಾಧ್ಯಾಯದ ಮೊದಲ ನಾಲ್ಕು ಶ್ಲೋಕಗಳೂ ಅವುಗಳ ವ್ಯಾಖ್ಯಾನವೂ ನಿರೂಪಿಸುತ್ತವೆ. ಅರಸನು ಕೋಪಲೋಭಗಳನ್ನು ಬಿಟ್ಟು, ವಿದ್ವಾಂಸರೊಡಗೂಡಿ, ಧರ್ಮಶಾಸ್ತ್ರವನ್ನು ಅನುಸರಿಸಿ ವ್ಯವಹಾರಗಳನ್ನು ನೋಡಬೇಕು. ಸಭಾಸದರು ಓದಿದವರೂ ಧರ್ಮವನ್ನು ಬಲ್ಲವರೂ ಸತ್ಯವಂತರೂ ಶತ್ರುಮಿತ್ರರಲ್ಲಿ ಸಮರೂ ಆಗಿರಬೇಕು. ಓದು ಒಂದು ಅರ್ಹತೆ ಮಾತ್ರ. ಅದರ ಪಕ್ಕದಲ್ಲಿಯೇ ಸತ್ಯವೂ ಸಮತ್ವವೂ ಬಂದಿವೆ. ಇಷ್ಟನ್ನು ಯಾವ ನೀತಿಗ್ರಂಥವಾದರೂ ಹೇಳೀತು. ವಿಜ್ಞಾನೇಶ್ವರನ ವೈಶಿಷ್ಟ್ಯವಿರುವುದು ಮುಂದಿನ ವಿಂಗಡಣೆಯಲ್ಲಿ. ಮೊದಲ ಶ್ಲೋಕವು ಹೇಳುವ ಬ್ರಾಹ್ಮಣರೂ ಎರಡನೆಯ ಶ್ಲೋಕವು ಹೇಳುವ ಸಭಾಸದರೂ ಒಬ್ಬರೇ ಅಲ್ಲವೆಂದು ಅವನು ತೋರಿಸುತ್ತಾನೆ. ಸಭಾಸದರು ಅರಸನಿಂದ ನಿಯುಕ್ತರು. ಉಳಿದ ವಿದ್ವಾಂಸರು ಅನಿಯುಕ್ತರು. ನಿಯುಕ್ತರು ತಮಗೆ ಕಂಡ ನಿಜವನ್ನು ಹೇಳಿದರೆ ಸಾಲದು. ಅದನ್ನು ಕೇಳಿಯೂ ಅರಸನು ಬೇರೆ ದಾರಿ ಹಿಡಿದರೆ ಅವನನ್ನು ತಡೆಯಲೇಬೇಕು, ತಡೆಯದಿದ್ದರೆ ದೋಷವು ಅವರಿಗೂ ತಟ್ಟುತ್ತದೆ. ಅನಿಯುಕ್ತರಿಗೆ ಅರಸನನ್ನು ತಡೆಯುವ ಹೊಣೆಯಿಲ್ಲ. ಆದರೆ ಸಭೆಯಲ್ಲಿ ಕುಳಿತ ಮೇಲೆ ಅನ್ಯಥಾ ನುಡಿದರೂ ದೋಷ, ನುಡಿಯದೆ ಸುಮ್ಮನಿದ್ದರೂ ದೋಷ.

ಶಾಸ್ತ್ರವನ್ನು ಬಲ್ಲವನಿಗೆ ಮೌನವು ನಿರಪರಾಧವಾದುದಲ್ಲವೆಂಬ ಈ ಮಾತು ಈ ಅಧ್ಯಯನದ ತಿರುಳು. ನೇಮಕವಿಲ್ಲ, ವೇತನವಿಲ್ಲ, ಯಾರ ಪಕ್ಷವನ್ನೂ ಹಿಡಿದವನಲ್ಲ. ಆದರೂ ತಿಳಿದಿದೆಯೆಂಬ ಒಂದೇ ಕಾರಣಕ್ಕಾಗಿ ಅವನು ನುಡಿಯಬೇಕು. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಸ್ಮೃತಿಗೆ ವಿರುದ್ಧವಾಗಿ ತೀರ್ಮಾನ ಕೊಟ್ಟ ಸಭಾಸದರಲ್ಲಿ ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ, ಸೋತವನಿಗೆ ವಿಧಿಸುವ ದಂಡದ ಇಮ್ಮಡಿಯನ್ನು ವಿಧಿಸಬೇಕೆಂದು ನಾಲ್ಕನೆಯ ಶ್ಲೋಕವು ಹೇಳುತ್ತದೆ. ದೋಷವು ಪರಲೋಕದ್ದಾದರೆ ದಂಡವು ಇಹಲೋಕದ್ದು. ಭಯವನ್ನೂ ಈ ಪಟ್ಟಿಯಲ್ಲಿ ಸೇರಿಸಿರುವುದು ಗಮನಾರ್ಹ. ಹೆದರಿ ತಪ್ಪು ನುಡಿದವನಿಗೆ ಅನುಕಂಪವನ್ನು ತೋರುವುದು ಲೋಕದ ರೂಢಿ; ಶಾಸ್ತ್ರವು ಅವನನ್ನು ಲಂಚ ತಿಂದವನ ಸಾಲಿನಲ್ಲಿಯೇ ನಿಲ್ಲಿಸುತ್ತದೆ.

ಮೌಲ್ಯಗಳು ಒಂದಕ್ಕೊಂದು ಎದುರಾಗುವ ಸಂದರ್ಭಗಳನ್ನು ಈ ಪಾಠವು ಮುಚ್ಚಿಡಲಿಲ್ಲ. ಸಾಕ್ಷಿಯು ನಿಜ ಹೇಳಿದರೆ ಒಬ್ಬನಿಗೆ ಮರಣದಂಡನೆಯಾಗುವಂತಿದ್ದಲ್ಲಿ ಸುಳ್ಳು ಹೇಳಬಹುದೆಂದು ಯಾಜ್ಞವಲ್ಕ್ಯನು ಅನುಜ್ಞೆ ಕೊಟ್ಟಿದ್ದಾನೆ; ಆದರೆ ಅದರ ಶುದ್ಧಿಗಾಗಿ ಸರಸ್ವತಿಗೆ ಚರುವನ್ನು ಅರ್ಪಿಸಬೇಕು. ಪ್ರಾಣವನ್ನು ಉಳಿಸಿದ ಸುಳ್ಳೂ ಸುಳ್ಳೇ, ಮಾತಿನ ದೇವತೆಗೆ ಅದರ ಋಣ ಸಲ್ಲಬೇಕು. ಇನ್ನೊಂದೆಡೆ, ಧರ್ಮಶಾಸ್ತ್ರವು ಅರ್ಥಶಾಸ್ತ್ರಕ್ಕಿಂತ ಪ್ರಬಲವೆಂಬ ನಿಯಮಕ್ಕೆ ವಿಜ್ಞಾನೇಶ್ವರನು ಉದಾಹರಣೆಯಾಗಿ ಒಂದು ವ್ಯವಹಾರವನ್ನು ಕಲ್ಪಿಸಿಕೊಳ್ಳುತ್ತಾನೆ: ಒಬ್ಬ ವಾದಿಯನ್ನು ಗೆಲ್ಲಿಸಿದರೆ ಅರಸನಿಗೆ ಮಿತ್ರಲಾಭವಾಗುತ್ತದೆ, ಆದರೆ ಧರ್ಮಶಾಸ್ತ್ರವು ಕೆಡುತ್ತದೆ, ಮತ್ತೊಬ್ಬನನ್ನು ಗೆಲ್ಲಿಸಿದರೆ ಧರ್ಮಶಾಸ್ತ್ರವು ನಿಲ್ಲುತ್ತದೆ, ಮಿತ್ರನು ಹೋಗುತ್ತಾನೆ. ಹೊನ್ನು ನೆಲಗಳ ಲಾಭಕ್ಕಿಂತ ಮಿತ್ರಲಾಭವು ಮೇಲೆಂದು ಅದೇ ಸ್ಮೃತಿಯ ರಾಜಧರ್ಮಪ್ರಕರಣವು ಹೇಳಿರುವುದುಂಟು. ಆದರೂ ಸಭೆಯಲ್ಲಿ ಆ ಮಾತು ನಡೆಯದು. ಚಕ್ರವರ್ತಿಯ ರಾಜಧಾನಿಯೊಡನೆ ಸಂಬಂಧವುಳ್ಳ ಗ್ರಂಥದಲ್ಲಿ ಇಂಥ ಉದಾಹರಣೆಯಿರುವುದು ಸಾಮಾನ್ಯವಾದ ಧೈರ್ಯವಲ್ಲ.

ನುಡಿಯುವವನ ವಿಷಯದಲ್ಲಿ ಶ್ರದ್ಧೆಯನ್ನು ಇಷ್ಟು ಬಿಗಿಯಾಗಿ ಕಟ್ಟಿದ ವಿಜ್ಞಾನೇಶ್ವರನು ನಿಯಮದ ವಸ್ತುವಿನ ವಿಷಯಕ್ಕೆ ಬಂದಾಗ ಹಿಡಿಯುವ ದಾರಿಯು ಬೇರೆ. ದಾಯವಿಭಾಗದ ಪ್ರಾರಂಭದಲ್ಲಿ ಅವನು ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ, ಲೋಕಸಿದ್ಧವೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ದೀರ್ಘವಾಗಿ ಚರ್ಚಿಸುತ್ತಾನೆ. ಶಾಸ್ತ್ರೈಕಗಮ್ಯವೆಂಬುದು ಪೂರ್ವಪಕ್ಷ; ಸಿದ್ಧಾಂತವು ಅದಕ್ಕೆ ವಿರುದ್ಧ. ಬತ್ತ ಮೊದಲಾದ ಪದಾರ್ಥಗಳು ಲೋಕದಲ್ಲಿ ಉಪಯೋಗಕ್ಕೆ ಬರುವಂತೆಯೇ ಸ್ವತ್ತೂ ಕ್ರಯವಿಕ್ರಯಗಳಿಗೆ ಉಪಯೋಗಕ್ಕೆ ಬರುತ್ತದೆ. ಶಾಸ್ತ್ರದ ಗಂಧವೇ ಇಲ್ಲದ ಪ್ರತ್ಯಂತವಾಸಿಗಳಲ್ಲಿಯೂ ಇದು ನನ್ನದು, ಅದು ನಿನ್ನದು ಎಂಬ ವ್ಯವಹಾರವು ಕಾಣುತ್ತದೆಯಲ್ಲವೆ? ಆದುದರಿಂದ ಸ್ವತ್ವವು ಲೌಕಿಕ. ಈ ವಾದಕ್ಕೆ ಬೆಂಬಲವಾಗಿ ಅವನು ಕರೆಯುವುದು ಗುರುವೆಂದು ಪ್ರಸಿದ್ಧನಾದ ಪ್ರಭಾಕರನನ್ನು, ಮೀಮಾಂಸೆಯ ಲಿಪ್ಸಾಸೂತ್ರದ ವಿಚಾರದಲ್ಲಿ. ನಾಗಾವಿಯ ಘಟಿಕಾಸ್ಥಾನದಲ್ಲಿ ಅರ್ಧ ಶತಮಾನದ ಹಿಂದೆ ಪ್ರಾಭಾಕರಮತಕ್ಕೆಂದೇ ಒಬ್ಬ ಉಪಾಧ್ಯಾಯನಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ವಿಜ್ಞಾನೇಶ್ವರನು ಅಲ್ಲಿಯೇ ಓದಿದನೆಂದು ಇದರ ಅರ್ಥವಲ್ಲ. ಕಲ್ಯಾಣದ ರಾಜ್ಯದಲ್ಲಿ ಯಜ್ಞವಿಚಾರದ ಪಾಠಶಾಲೆಯೇ ಆಸ್ತಿಯ ತತ್ತ್ವವನ್ನು ಲೌಕಿಕದೃಷ್ಟಿಯಿಂದ ವಿಚಾರಿಸುವ ಬುದ್ಧಿಯನ್ನೂ ಸಾಕುತ್ತಿತ್ತೆಂಬುದಕ್ಕೆ ಇವೆರಡೂ ಒಟ್ಟಿಗೆ ಸಾಕ್ಷಿಯಾಗಿವೆ.

ಇದೇ ದೃಷ್ಟಿಯು ಸಪಿಂಡಶಬ್ದದ ವ್ಯಾಖ್ಯಾನದಲ್ಲಿಯೂ ಕಾಣುತ್ತದೆ. ವಂಗದೇಶದ ಜೀಮೂತವಾಹನನು ತನ್ನ ದಾಯಭಾಗದಲ್ಲಿ ಪಿತೃಗಳಿಗೆ ಪಿಂಡವನ್ನರ್ಪಿಸಿ ಆಗಿಸುವ ಉಪಕಾರವನ್ನು ದಾಯಕ್ಕೆ ಆಧಾರವಾಗಿ ಹಿಡಿದನು. ವಿಜ್ಞಾನೇಶ್ವರನಿಗೆ ಪಿಂಡವೆಂದರೆ ಶರೀರ. ಒಂದೇ ಶರೀರದ ಅವಯವಗಳ ಸಂಬಂಧವುಳ್ಳವರು ಸಪಿಂಡರು. ಒಬ್ಬನು ಶ್ರಾದ್ಧದ ಕಡೆಗೆ, ಮತ್ತೊಬ್ಬನು ರಕ್ತದ ಕಡೆಗೆ ನಡೆದರು. ಸಂನ್ಯಾಸಿಯು ಹಿಡಿದುದು ರಕ್ತದ ದಾರಿಯನ್ನು. ಸ್ತ್ರೀಧನದ ವಿಚಾರವು ಸಾಹಿತ್ಯಾಧ್ಯಾಪಕರಿಗೆ ಇನ್ನೂ ಹೃದ್ಯವಾಗಬಹುದು. ಆ ಶಬ್ದವು ಯೌಗಿಕವೇ ಹೊರತು ಪಾರಿಭಾಷಿಕವಲ್ಲ, ಅವಯವಾರ್ಥವು ಹೊಂದುತ್ತಿರುವಾಗ ಪರಿಭಾಷೆಯನ್ನು ಕಲ್ಪಿಸುವುದು ಯುಕ್ತವಲ್ಲ ಎಂಬುದು ಅವನ ವಾದ. ವ್ಯಾಕರಣದ ಈ ಒಂದು ನ್ಯಾಯದಿಂದ ದಾಯ, ಕ್ರಯ, ವಿಭಾಗ ಮೊದಲಾದ ಯಾವ ಮಾರ್ಗದಿಂದ ಬಂದುದಾದರೂ ಸ್ತ್ರೀಯ ಧನವು ಸ್ತ್ರೀಧನವೇ ಆಯಿತು. ಶಬ್ದಶಾಸ್ತ್ರವು ಹೆಂಗಸರ ಕೈಗೆ ಆಸ್ತಿಯನ್ನು ಕೊಟ್ಟ ಇಂಥ ಸಂದರ್ಭಗಳು ವಿರಳ.

ವಚನವಿದ್ದರೂ ಲೋಕವು ಹೇಸಿದುದನ್ನು ಆಚರಿಸಬಾರದೆಂಬ ಸ್ಮೃತಿಯ ಮಾತನ್ನೂ ಅವನು ವಿಭಾಗದ ಪ್ರಕರಣಕ್ಕೆ ತಂದಿದ್ದಾನೆ. ಹಿರಿಯ ಮಗನಿಗೆ ಹೆಚ್ಚಿನ ಪಾಲನ್ನು ಕೊಡುವ ವಿಧಿಯು ಸ್ಮೃತಿಗಳಲ್ಲಿದೆ, ನಿಯೋಗಕ್ಕೂ ವಿಧಿಯಿದೆ, ಲೋಕವು ನಿಯೋಗವನ್ನು ಬಿಟ್ಟಂತೆಯೇ ವಿಷಮವಿಭಾಗವನ್ನೂ ಬಿಡತಕ್ಕದ್ದೆಂದು ಅವನ ನಿರ್ಣಯ. ಧರ್ಮಗ್ರಂಥವನ್ನು ಧರ್ಮಗ್ರಂಥದ ಬಲದಿಂದಲೇ ಲೋಕದ ಮುಂದೆ ಬಾಗಿಸುವ ಈ ಕ್ರಮವು ಮಠದಲ್ಲಿ ಕುಳಿತು ಕಲಿಸತಕ್ಕ ಪಾಠವಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಈ ವಿದ್ಯೆಯ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದನ್ನು ಮರೆಸಬಾರದು. ಸಾಲೋಟಗಿಯ ೨೭ ಮನೆಗಳೂ ನಾಗಾವಿಯ ೨೫೨ ಸ್ಥಾನಗಳೂ ವೇದಾಧಿಕಾರವುಳ್ಳವರಿಗೆ ಮಾತ್ರ. ಸ್ತ್ರೀಧನದ ವಿಸ್ತಾರವನ್ನು ಸ್ತ್ರೀಯರು ಓದುವಂತಿರಲಿಲ್ಲ. ಶೂದ್ರನು ಧರ್ಮವನ್ನು ನುಡಿಯಬಾರದೆಂದು ಮನುಸ್ಮೃತಿಯು ನಿಷೇಧಿಸಿದೆ. ದಂಡವು ವರ್ಣವನ್ನು ನೋಡಿ ಏರುತ್ತಿತ್ತು, ಇಳಿಯುತ್ತಿತ್ತು. ಶತ್ರುಮಿತ್ರರಲ್ಲಿ ಸಮನಾಗಿರಬೇಕೆಂದು ಕಲಿತ ಸಭಾಸದನು ವರ್ಣಗಳಲ್ಲಿ ಸಮನಾಗಿರಬೇಕೆಂದು ಕಲಿಯಲಿಲ್ಲ. ಕೋಡಿಯಮಠದ ಕುರುಡನಿಗೆ ಅನ್ನವಿತ್ತು, ಪಾಠವಿತ್ತೆಂದು ಹೇಳಲಾಗದು.

ಆದರೆ ವ್ಯವಹಾರವೆಲ್ಲವೂ ಈ ಕಿರಿದಾದ ಬಾಗಿಲಿನೊಳಗೇ ಇತ್ತೆಂದೂ ತಿಳಿಯಬಾರದು. ಅರಸನ ಸಭೆಗೆ ಕೆಳಗೆ ಪೂಗ, ಶ್ರೇಣಿ, ಕುಲಗಳೆಂಬ ನಿರ್ಣಯಸ್ಥಾನಗಳನ್ನು ಸ್ಮೃತಿಯು ಒಪ್ಪಿದೆ. ಶ್ರೇಣಿಗೆ ಮಿತಾಕ್ಷರೆಯು ಕೊಡುವ ಉದಾಹರಣೆಗಳಲ್ಲಿ ಎಲೆ ಮಾರುವವರು, ನೇಯುವವರು, ಚರ್ಮಕಾರರು ಇದ್ದಾರೆ. ಸಭೆಯಲ್ಲಿ ವರ್ತಕರನ್ನೂ ಕುಳ್ಳಿರಿಸಬೇಕೆಂಬ ಕಾತ್ಯಾಯನನ ಮಾತನ್ನೂ ವಿಜ್ಞಾನೇಶ್ವರನು ಸ್ವೀಕರಿಸಿದ್ದಾನೆ. ಕಲ್ಯಾಣದಲ್ಲಿಯೇ, ಬಿಜ್ಜಳನ ಕಾಲದಲ್ಲಿಯೇ, ಬಸವಣ್ಣನವರೂ ಅವರ ಜತೆಗಾರರಾದ ಶರಣರೂ ಧರ್ಮದ ಮಾತನ್ನು ಸಂಸ್ಕೃತದಿಂದ ಕನ್ನಡಕ್ಕೆ ತಂದು, ಅದನ್ನಾಡುವ ಅಧಿಕಾರವನ್ನು ಚರ್ಮಕಾರನಿಗೂ ಅಂಬಿಗನಿಗೂ ಹೆಂಗಸರಿಗೂ ಕೊಟ್ಟರು. ದತ್ತಿಯ ಅನ್ನಕ್ಕೆ ಬದಲಾಗಿ ಕಾಯಕದ ದಾಸೋಹವನ್ನು ಮುಂದಿಟ್ಟರು. ೧೧೬೨ರ ಬಳ್ಳಿಗಾವೆಯ ಶಾಸನಕ್ಕೂ ಶರಣರ ಚಳವಳಿಗೂ ಕಾಲದಲ್ಲಿ ಅಂತರವೇ ಇಲ್ಲವೆಂಬುದು ಹಲವೊಮ್ಮೆ ಮರೆತುಹೋಗುವ ಸಂಗತಿ.

ಮಿತಾಕ್ಷರೆಯ ಮುಂದಿನ ಕಥೆಯು ನಡೆದುದು ಬಹುಮಟ್ಟಿಗೆ ಕರ್ಣಾಟಕದ ಹೊರಗೆ. ಹಿಂದೂಗಳ ದಾಯ ವಿವಾಹಾದಿ ವ್ಯಾಜ್ಯಗಳನ್ನು ಅವರ ಶಾಸ್ತ್ರದಂತೆಯೇ ತೀರಿಸಬೇಕೆಂದು ೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ವಂಗದೇಶದಲ್ಲಿ ಗೊತ್ತುಮಾಡಿದ ಮೇಲೆ ಕಂಪನಿಯ ನ್ಯಾಯಾಲಯಗಳಿಗೆ ಪಂಡಿತರು ಬೇಕಾದರು. ೧೭೯೧ರಲ್ಲಿ ಕಾಶಿಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದುದರ ಉದ್ದೇಶಗಳಲ್ಲಿ ಹಿಂದೂ ಧರ್ಮಶಾಸ್ತ್ರದ ರಕ್ಷಣೆಯೂ ಒಂದು. ಆದರೆ ಪಂಡಿತರ ಬಾಯಿಮಾತಿನ ಮೇಲೆ ನ್ಯಾಯಾಧಿಪತಿಗಳಿಗೆ ಪೂರ್ಣವಿಶ್ವಾಸವಿರಲಿಲ್ಲ. ವಿಲಿಯಂ ಜೋನ್ಸನು ಸಂಸ್ಕೃತವನ್ನು ಕಲಿತುದಕ್ಕೆ ಈ ಅವಿಶ್ವಾಸವೂ ಒಂದು ಕಾರಣ. ೧೮೧೦ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯವಿಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ಭಾಷಾಂತರಿಸಿ ಕಲಕತ್ತೆಯಲ್ಲಿ ಪ್ರಕಟಿಸಿದನು. ೧೮೬೪ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಯೇ ರದ್ದಾಯಿತು. ಕೋಲ್‌ಬ್ರೂಕನ ಪಾಂಡಿತ್ಯವು ನಿಜವಾಗಿಯೂ ದೊಡ್ಡದು. ಆದರೂ ಮೂರು ಅಧ್ಯಾಯಗಳ ಗ್ರಂಥವೊಂದರಿಂದ ಪಾಲಿನ ಪ್ರಕರಣವನ್ನು ಮಾತ್ರ ಕತ್ತರಿಸಿ ಬೇರೆಮಾಡಿದುದರಿಂದ, ವಕೀಲರ ಕೈಯಲ್ಲಿ ಮಿತಾಕ್ಷರೆಯೆಂಬ ಹೆಸರಿಗೆ ಪಾಲಿನ ನಿಯಮವೆಂಬುದೇ ಅರ್ಥವಾಗಿ ನಿಂತಿತು. ಸಭಾಸದನ ಹೊಣೆಯನ್ನು ಹೇಳಿದ ಭಾಗವು ಆ ಅರ್ಥದ ಹೊರಗುಳಿಯಿತು.

ನಿಯಮವನ್ನು ಉಳಿಸಿಕೊಂಡು ವಿಚಾರಕ್ರಮವನ್ನು ಬಿಟ್ಟುದರ ಫಲಕ್ಕೆ ಸ್ತ್ರೀಧನವೇ ಉದಾಹರಣೆ. ಗಂಡನಿಂದ ವಿಧವೆಗೆ ದಾಯವಾಗಿ ಬಂದ ಆಸ್ತಿಯು ಸ್ತ್ರೀಧನವಲ್ಲವೆಂದು ಪ್ರಿವಿ ಕೌನ್ಸಿಲು ೧೮೬೭ರಲ್ಲಿಯೂ, ಹೆಂಗಸಿನಿಂದ ಹೆಂಗಸಿಗೆ ದಾಯವಾಗಿ ಬಂದುದೂ ಅಲ್ಲವೆಂದು ೧೯೦೩ರಲ್ಲಿಯೂ ತೀರ್ಮಾನಿಸಿತು. ಮಿತಾಕ್ಷರೆಯ ಹೆಸರಿನ ಕಾನೂನು ಮಿತಾಕ್ಷರೆಯ ಮಾತಿಗೇ ವಿರುದ್ಧವಾಯಿತು. ಯೌಗಿಕ ಪಾರಿಭಾಷಿಕಗಳ ಚರ್ಚೆಯು ಲಂಡನ್ನಿನಲ್ಲಿ ವ್ಯಾಕರಣದ ಚಮತ್ಕಾರದಂತೆ ತೋರಿರಬೇಕು. ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. ಕರ್ಣಾಟಕವು ೧೯೯೪ರಲ್ಲಿಯೂ, ಪಾರ್ಲಿಮೆಂಟು ೨೦೦೫ರಲ್ಲಿಯೂ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವನ್ನು ತಿದ್ದಿ ಮಗಳನ್ನೂ ಜನ್ಮದಿಂದಲೇ ಸಮಾಂಶಿಯನ್ನಾಗಿ ಮಾಡಿದುವು. ಆ ಅಧಿನಿಯಮದ ಆರನೆಯ ಪ್ರಕರಣದಲ್ಲಿ ಮಿತಾಕ್ಷರೆಯ ಹೆಸರು ಈಗಲೂ ಇದೆ.

ಶಬ್ದಗಳು ಪಟ್ಟ ಪಾಡೂ ಇದೇ ಬಗೆಯದು. ವ್ಯವಹಾರವೆಂದರೆ ಮಿತಾಕ್ಷರೆಯಲ್ಲಿ ಎದುರಾಳಿಯ ಮಾತಿಗೆ ವಿರೋಧವಾಗಿ ಒಂದನ್ನು ತನ್ನದೆ‌ಂದು ಹೇಳಿಕೊಳ್ಳುವುದು. ಕನ್ನಡದಲ್ಲಿ ಈಗ ಅದು ವ್ಯಾಪಾರಕ್ಕೂ ಹಣಕಾಸಿಗೂ ಸಂದಿದೆ. ಸ್ಮೃತಿಗಳ ವಿರೋಧವನ್ನು ಬಿಡಿಸುವ ಯುಕ್ತಿಗೆ ಹೆಸರಾಗಿದ್ದ ನ್ಯಾಯವು ತೀರ್ಪಿಗೇ ಹೆಸರಾಯಿತು. ವಕೀಲ, ಫಿರ್ಯಾದಿ, ತಕರಾರು, ಕಾನೂನು ಇವು ಪಾರಸಿ ಅರಬ್ಬಿಗಳಿಂದ ಬಂದು ನೆಲೆಸಿದುವು. ಪರರಿಗಾಗಿ ವಾದಿಸುವ ವೃತ್ತಿಯೇ ಹೊಸದು. ಬಂಧುವೂ ಅಲ್ಲದೆ ನಿಯೋಗವನ್ನೂ ಪಡೆಯದೆ ಮತ್ತೊಬ್ಬನ ಪರವಾಗಿ ಮಾತನಾಡುವವನನ್ನು ನಾರದಸ್ಮೃತಿಯು ದಂಡ್ಯನೆಂದು ಎಣಿಸುತ್ತದೆ. ಹೀಗೆ ಪಕ್ಷವಿಲ್ಲದ ಅನಿಯುಕ್ತ ವಿದ್ವಾಂಸನ ಸ್ಥಾನಕ್ಕೆ ಒಂದು ಪಕ್ಷದಿಂದ ನಿಯುಕ್ತನಾದ ವಿದ್ವಾಂಸನು ಬಂದನು; ಹಳೆಯ ಹೊಣೆಯನ್ನು ಅವನ ಮೇಲೆ ಹೊರಿಸಲು ಹೊಸ ದಾರಿಯೇ ಬೇಕಾಯಿತು.

ಅಂಥ ದಾರಿಗಳಲ್ಲೊಂದು ಉಚಿತವಾದ ಕಾನೂನಿನ ನೆರವು. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೩೯ಎ ಅನುಚ್ಛೇದವು ಅದನ್ನು ರಾಜ್ಯದ ಕರ್ತವ್ಯವೆಂದು ಹೇಳಿತು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು ೧೯೯೫ರಲ್ಲಿ ಜಾರಿಗೆ ಬಂದು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಬಂಧನದಲ್ಲಿರುವವರು, ಅಲ್ಪ ವರಮಾನದವರು ಮೊದಲಾದವರನ್ನು ಅದಕ್ಕೆ ಅರ್ಹರೆಂದು ಎಣಿಸಿತು. ಪ್ರತಿಯೊಂದು ಕಾನೂನು ವಿದ್ಯಾಸಂಸ್ಥೆಯೂ ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಇಂಥ ನೆರವಿನ ಕೇಂದ್ರವನ್ನು ನಡೆಸತಕ್ಕದ್ದೆಂದು ಭಾರತೀಯ ವಕೀಲರ ಪರಿಷತ್ತಿನ ೨೦೦೮ರ ನಿಯಮಗಳು ವಿಧಿಸಿವೆ. ಅರ್ಹರ ಈ ಪಟ್ಟಿಯನ್ನು ಕೋಡಿಯಮಠದ ಪಟ್ಟಿಯ ಪಕ್ಕದಲ್ಲಿಟ್ಟು ಓದಿದರೆ ಎಷ್ಟೋ ಹೆಸರುಗಳು ಹೊಂದಿಕೊಳ್ಳುತ್ತವೆ. ಹೊಂದದ ಮಾತು ಒಂದಿದೆ. ಬಳ್ಳಿಗಾವೆಯ ಕುರುಡನಿಗೆ ದೊರೆತುದು ದಾನ. ಅದು ದೊರೆಯದ ದಿನ ಅವನು ಯಾವ ಸಭೆಯ ಮುಂದೆಯೂ ನಿಂತು ಕೇಳುವಂತಿರಲಿಲ್ಲ. ೧೯೮೭ರ ಪಟ್ಟಿಯಲ್ಲಿರುವವನು ಕೇಳಬಹುದು, ಮತ್ತು ಅವನ ಪರವಾಗಿ ಅರ್ಜಿಯನ್ನು ಬರೆದುಕೊಡುವುದನ್ನು ವಿದ್ಯಾರ್ಥಿಯು ತನ್ನ ಪಾಠದ ಅಂಗವಾಗಿಯೇ ಕಲಿಯುತ್ತಾನೆ.